ಒಕ್ಕವಿಲ್ಲದ ಪದ

ವಿರಾಜಪೇಟೆಯ ಕಚೇರಿಯಲ್ಲಿ ನನ್ನ ಮೇಜಿಗೆ ಬಂತು
ಹದಿನೇಳು ಕಲಮಿನ ಒಂದು ನಮೂನೆ, ಇಂಗ್ಲಿಷಿನದು.
ಸಂಜೆಯೊಳಗೆ ಕನ್ನಡಕ್ಕಿಳಿಸಿ ಅಂದರು.
ಆರನೆಯ ಕಲಮಿನಲ್ಲಿ ‘ಗ್ರೋವ್’.
ತೋಪು ಎಂದು ಬರೆದೆ, ಹೊಡೆದುಹಾಕಿದೆ.
ತೋಪು ನೆಟ್ಟದ್ದು, ಮಾವಿನದು, ಹುಣಸೆಯದು,
ಎಣಿಸಿದರೆ ಲೆಕ್ಕಕ್ಕೆ ಸಿಗುವಂಥದ್ದು.
ವನ ಎಂದರೆ ಯಾರೋ ನಾರುಡೆಯುಟ್ಟು ಹೊರಟಂತೆ.

ಲೈಬ್ರರಿಯಿಂದ ದಪ್ಪ ನಿಘಂಟು ತರಿಸಿದೆ,
ಬೆನ್ನು ಕಿತ್ತದ್ದು,
ನನಗಿಂತ ಮೊದಲೇ ಗೆದ್ದಲು ಓದಿ ಮುಗಿಸಿದ್ದು.
ಸುಮ್ಮನೆ ‘ಟ್ರೀ’ ನೋಡಿದೆ. ಅಬ್ಬಾ, ಏನು ಬಳಗ!
ನಿಜ ಎನ್ನುವ ಅವರ ‘ಟ್ರೂ’ ಅದರ ಒಡಹುಟ್ಟಂತೆ,
ಬುಡ ಗಟ್ಟಿಯಿದ್ದದ್ದೇ ನಿಜವೆಂದು
ಯಾವ ಕಾಲಕ್ಕೋ ಯಾರೋ ಅಂದುಕೊಂಡಿರಬೇಕು.
ನಮ್ಮ ದೇವದಾರುವಿನ ‘ದಾರು’ವೂ
ಎಂದೋ ಪಾಲು ತೆಗೆದುಕೊಂಡು ಹೋದ ದಾಯಾದಿ.

‘ಗ್ರೋವ್’ ಕೆಳಗೆ ಒಂದೂವರೆ ಸಾಲು.
ಹಳೆಯ ಇಂಗ್ಲಿಷಿನಲ್ಲಿ ‘ಗ್ರಾಫ್’. ಅದಕ್ಕೂ ಹಿಂದೆ ತಿಳಿಯದು.
ಜರ್ಮನರಲ್ಲಿಲ್ಲ, ಡಚ್ಚರಲ್ಲಿಲ್ಲ,
ನೆರೆಯ ಯಾವ ಮನೆಯಲ್ಲೂ ಇದರ ಮುಖದ ಮಗುವಿಲ್ಲ.

ಮರುದಿನ ಬೇತ್ರಿಯಾಚೆ, ಸರ್ವೆಯವರ ಸರಪಳಿಯ ಹಿಂದೆ.
ಗಡಿಕಲ್ಲು ದಾಟಿ ಹದಿನೆಂಟು ಕಾಫಿ ಗಿಡ ಒಳಬಂದಿದ್ದವು,
ಕಾಯಿ ಕಟ್ಟಿದ್ದವು. ಯಾರದೆಂದು ಯಾರೂ ಬಾಯಿಬಿಡಲಿಲ್ಲ.
ನಡುವೆ ಅಯ್ಯಪ್ಪನ ಕಲ್ಲು, ಸುತ್ತ ಹರಕೆಯ ಮಣ್ಣಿನ ನಾಯಿಗಳು,
ಒಂದಕ್ಕೆ ಕಿವಿಯಿಲ್ಲ, ಒಂದರ ಬೆನ್ನಿಗೆ ಪಾಚಿಯ ರೋಮ.
ಚಪ್ಪಲಿ ಹೊರಗೆ ಬಿಟ್ಟಿದ್ದೆವು. ಜಿಗಣೆಗೆ ಹಬ್ಬ.

ಕಾಡಿನ ತಕ್ಕ ಮೊಣ್ಣಯ್ಯನವರಿಗೆ ಎಂಬತ್ತು ದಾಟಿದೆ.
ಯಾರು ಸಿಕ್ಕರೂ ಮೊದಲ ಮಾತು: ಯಾವ ಒಕ್ಕ?
ನನ್ನನ್ನೂ ಕೇಳಿದರು.
ಬಂಟ್ವಾಳದಿಂದ ವರ್ಗವಾಗಿ ಬಂದವಳು ಎಂದೆ,
ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.
ಮಾತು ಮರೆಸಲು ಆ ಪದದ ಕತೆ ಹೇಳಿದೆ,
ತಂದೆಯಿಲ್ಲ, ಅಣ್ಣತಮ್ಮಂದಿರಿಲ್ಲ,
ಬೆಳಗಾಗೆದ್ದು ನೋಡಿದರೆ ಅಂಗಳದಲ್ಲಿ ನಿಂತಿತ್ತು, ಅಷ್ಟೇ.

ನಗುತ್ತಾರೆಂದುಕೊಂಡೆ.
ಕೋಲನ್ನು ಬೇರಿಗೆ ಒರಗಿಸಿ ಕೂತರು.
‘ನಮ್ಮ ಕಾರೋಣನ ಹೆಸರು ನನಗೆ ಗೊತ್ತು.
ಕಾರೋಣನ ಅಪ್ಪ ಯಾರೆಂದು ಕೇಳು, ಗೊತ್ತಿಲ್ಲ.
ಅಲ್ಲಿಂದಾಚೆ ಎಲ್ಲರದೂ ಕಾಡೇ.’
ಸ್ವಲ್ಪ ಬಿಟ್ಟು, ಸರಪಳಿ ಎಳೆಯುವ ಹುಡುಗನಿಗೆ ಕೇಳುವಂತೆ:
‘ಹಿರಿಯರು ಯಾರೆಂದು ತಿಳಿಯದ್ದನ್ನು ಕಡಿಯಬಾರದು.’

ಆರನೆಯ ಕಲಮಿನಲ್ಲಿ ದೇವರಕಾಡು ಎಂದು ಬರೆದಿದ್ದೇನೆ.
ಏಳನೆಯದು ಮಾಲೀಕರ ಹೆಸರು, ತಂದೆಯ ಹೆಸರಿನೊಂದಿಗೆ.
ಸಾಹೇಬರು ಎರಡು ಸಲ ಫೋನು ಮಾಡಿದರು.
ಪೆನ್ನು ಹಿಡಿದು ಕೂತಿದ್ದೇನೆ.
ಹಿಮ್ಮಡಿಯಲ್ಲಿ ಜಿಗಣೆ ಕಚ್ಚಿದ ಕಡೆ
ರಕ್ತ ಇನ್ನೂ ನಿಂತಿಲ್ಲ.