ಇನಾಸ್‌ಬಾಬನ ಡಬ್ಬಿ

ವಾಸ್ಕೊದಲ್ಲಿ ಬೆಳಗೆಂದರೆ ಮೊದಲು ಕಿಟಕಿ ಒರೆಸುವುದು.
ಬಂದರಿನ ಕಲ್ಲಿದ್ದಲು ರಾತ್ರಿಯಿಡೀ ಹಾರಿ ಬಂದು
ತುಳಸಿಯ ಮೇಲೆ, ಒಣಹಾಕಿದ ಲಂಗದ ಮೇಲೆ,
ಮುಚ್ಚಲು ಮರೆತ ಹಾಲಿನ ಮೇಲೆ ಕೂತಿರುತ್ತದೆ.
ಅವ್ವ ಬಟ್ಟೆ ಹಿಂಡಿದರೆ ಬಕೀಟಿನ ನೀರು ಕಾಡಿಗೆ.
ಬೈದು ಬೈದು ಬಯ್ಗುಳ ತೀರಿ
ಈಗ ಬರೀ ಬಟ್ಟೆ ಉಳಿದಿದೆ.

ಪಕ್ಕದ ಮನೆಯ ಇನಾಸ್‌ಬಾಬ, ಹಡಗಿನ ಅಡಿಗೆಯವ,
ಇಪ್ಪತ್ತಾರು ವರ್ಷ ಉಪ್ಪುನೀರಿನ ಮೇಲೆ ಈರುಳ್ಳಿ ಹೆಚ್ಚಿದವ,
ಜಗುಲಿಯಿಂದಲೇ ಕೂಗುತ್ತಿದ್ದ:
"ಫಕೀರವ್ವಾ, ಇದ್ಯಾವ ಧೂಳು! ನಾನು ಕಂಡ ದ್ವೀಪದಲ್ಲಿ
ಊರಿಗೆ ಊರೇ..."
ಅಲ್ಲಿಗೆ ನಿಲ್ಲಿಸಿ ಬೀಡಿ ಹಚ್ಚುತ್ತಿದ್ದ.
ಬೀಡಿ ಮುಗಿಯುವ ತನಕ ನಾವು ಕಾಯಬೇಕು.

ಮೊಂಟ್ಸೆರಾಟ್. ಅವನ ಬಾಯಲ್ಲಿ "ಮೊಂಸ್ರಾತ್",
ಯಾರೋ ಹಳೇ ನೆಂಟರ ಮಗಳ ಹೆಸರಿನಂತೆ.
ಗೇರುಹಣ್ಣಿನ ಆಕಾರ. ಉದ್ದ ಹತ್ತು ಮೈಲಿ.
"ಇಲ್ಲಿಂದ ಕುಠ್ಠಾಳಿ ಮುಟ್ಟುವಷ್ಟರಲ್ಲಿ ದೇಶ ಮುಗೀತು."
ಮೊದಲಿದ್ದವರು ಮುಳ್ಳುಪೊದೆಯ ನಾಡೆಂದರಂತೆ;
ಹಡಗಿನಿಂದ ಇಳಿಯದೆಯೇ ಕೊಲಂಬಸ್
ಯಾವುದೋ ಮಠದ ಹೆಸರಿಟ್ಟು ಮುಂದೆ ಹೋದ.
ಆಮೇಲೆ ಐರಿಷರು ಬಂದರು, ತಾವೇ ತುಳಿಸಿಕೊಂಡವರು,
ಬಂದು, ತುಳಿಯುವುದನ್ನೂ ಕಲಿತರು.
ಅವರ ಸಂತನ ಹಬ್ಬದ ದಿನವೇ ಏಳಬೇಕೆಂದಿದ್ದರು ಗುಲಾಮರು.
ಸುಳಿವು ಸಿಕ್ಕಿತು. ಒಂಬತ್ತು ಜನ ನೇಣಿಗೆ.
ಈಗ ಅಲ್ಲಿ ಅದೇ ದಿನ ಹಬ್ಬ, ಅದೇ ದಿನ ತಿಥಿ.

ಇಳಿದವರ ಪಾಸ್‌ಪೋರ್ಟಿಗೆ ಹಸಿರು ಮೂರೆಲೆ ಒತ್ತುತ್ತಾರೆ ಎಂದಾಗ
ಅವ್ವ ಕೈಮುಗಿದಳು: "ಬಿಲ್ವಪತ್ರಿ!"
ಇನಾಸ್‌ಬಾಬ ತಿದ್ದಲಿಲ್ಲ.

ತೊಂಬತ್ತೈದರ ಜುಲೈನಲ್ಲಿ ಬೆಟ್ಟ ಕೆಮ್ಮಿತು.
ಎರಡು ವರ್ಷದಲ್ಲಿ ರಾಜಧಾನಿ ಪ್ಲಿಮತ್ ಬೂದಿಯಡಿ,
ಕೆಂಪು ಟೆಲಿಫೋನ್ ಪೆಟ್ಟಿಗೆಯ ತಲೆಯಷ್ಟೇ ಹೊರಗೆ,
ಯಾರಿಗೋ ಕರೆ ಮಾಡಬೇಕೆಂದು ಕಾದಂತೆ.
ಜನ ಬಡಗಣ ಬಂಡೆಗಳ ಕಡೆ ಸರಿದರು, ಕೆಲವರು ಕಡಲಾಚೆ.
"ಆದರೂ ಕಾನೂನಿನಲ್ಲಿ ಇವತ್ತಿಗೂ ಅದೇ ರಾಜಧಾನಿ.
ಜನಸಂಖ್ಯೆ ಸೊನ್ನೆ."

ಇದನ್ನು ಕೇಳಿ ಅಪ್ಪ ಎದ್ದು ಒಳಗೆ ಹೋದ.
ಬೈನಾ ದಂಡೆಯ ನಮ್ಮ ಖೋಲಿಯನ್ನು
ಬುಲ್‌ಡೋಜರ್ ಮಲಗಿಸಿ ಎಷ್ಟೋ ಮಳೆಗಾಲ.
ರೇಷನ್ ಕಾರ್ಡಿನಲ್ಲಿ ನಾವಿನ್ನೂ ಅಲ್ಲೇ ಇದ್ದೇವೆ,
ಐದು ಜನ, ಸಕ್ಕರೆ ಎರಡು ಕೇಜಿ.

ಹಡಗಿನ ಡೆಕ್ಕಿನ ಮೇಲೆ ಬಿದ್ದ ಆ ಬೂದಿಯನ್ನು
ಇನಾಸ್‌ಬಾಬ ಬಿಸ್ಕೀಟು ಡಬ್ಬಿಯಲ್ಲಿ ತುಂಬಿ ತಂದಿದ್ದ.
ಒಮ್ಮೆ ಮಗಳ ಮನೆಗೆ, ಮಡಗಾವಿಗೆ, ಹೋಗುವಾಗ
ಅದನ್ನು ನಮ್ಮಲ್ಲಿಟ್ಟ. ಅವ್ವ ತೆರೆದಳು, ಮೂಸಿದಳು,
ರೋಣದಿಂದ ತಂದ ಹಿತ್ತಾಳೆ ಕೊಡ ತಿಕ್ಕಿಯೇಬಿಟ್ಟಳು.
"ಬೂದಿ ಅಂದಮ್ಯಾಲ ಮತ್ಯಾಕ ಇರತೈತಿ?"
ಕೊಡ ಹೊಳೆಯಿತು, ನೋಡಲಾರದಷ್ಟು.

ಅವನು ಬಂದು ಡಬ್ಬಿ ಅಲ್ಲಾಡಿಸಿ ನೋಡಿದ.
ಕೊಡವನ್ನೆತ್ತಿ ಅದರಲ್ಲಿ ತನ್ನ ಮುಖ ನೋಡಿದ.
ಬಹಳ ಹೊತ್ತಾದ ಮೇಲೆ ಹೇಳಿದ:
"ಇಗರ್ಜಿ ತಿಕ್ಕಿಬಿಟ್ಟೆ, ಫಕೀರವ್ವ.
ಪೋಸ್ಟಾಫೀಸು ಬಾಕಿ ಇದೆ. ಇಟ್ಟುಕೊ."

ಈಗ ಅವನಿಲ್ಲ. ಸತ್ತ ಊರಿನ ಕಟ್ಟೆಯಿಂದ
ಅದೇ ಬೂದಿಯನ್ನು ಮರಳೆಂದು ಹಡಗಿಗೆ ತುಂಬುತ್ತಾರಂತೆ,
ಬೇರೆ ದ್ವೀಪಗಳಲ್ಲಿ ಮನೆ ಏಳುತ್ತವಂತೆ.
ಇಲ್ಲಿ ಕಲ್ಲಿದ್ದಲು ಬೀಳುತ್ತಲೇ ಇದೆ.
ಕಿಟಕಿ ಒರೆಸಿದ ಬಟ್ಟೆಯಲ್ಲೇ ಅವ್ವ
ಡಬ್ಬಿಯ ಮುಚ್ಚಳವನ್ನೂ ಒರೆಸಿ ಗೂಡಿನಲ್ಲಿಡುತ್ತಾಳೆ.
ನನ್ನ ಮಗಳು ಎಟಕಲು ಹೋದರೆ ಗದರುತ್ತಾಳೆ:
"ತೆರೀಬ್ಯಾಡ.
ಒಳಗ ಪೋಸ್ಟಾಫೀಸೈತಿ."