ಕೆಳಗಿನ ಗಾಜು

ಕಸಬಾ ಪೇಠೆಯ ಈ ಮಾಳಿಗೆಯ ಮೇಲೆ
ಡಾಂಬರಿನ ಹಳೇ ಪೀಪಾಯಿ, ಹೊಟ್ಟೆ ತುಂಬ ಉಸುಕು.
ಅದರ ನೆತ್ತಿಗೆ ಒಂದು ಗಾಜಿನ ಬಿಲ್ಲೆ,
ಬಿಲ್ಲೆಯ ಮೇಲೆ ಚಿಟಿಕೆ ಸಾಣೆಪುಡಿ, ನಾಲ್ಕು ಹನಿ ನೀರು,
ಅದರ ಮೇಲೆ ಇನ್ನೊಂದು ಬಿಲ್ಲೆ.
ತಿಕ್ಕು, ಅಂದೆ.
ಕೇತಕಿ ಭೋಂಡವೆ, ಒಂಬತ್ತನೇ ಇಯತ್ತೆ,
ಅಂಗೈ ನೋಡಿಕೊಂಡಳು, ಆಮೇಲೆ ನನ್ನ ಮುಖ.
"ದುರ್ಬೀನು ಮಾಡೋಣ ಅಂದಿರಿ.
ಇದು ಚಟ್ನಿ ಅರೆಯೋದಲ್ಲವೆ, ಕಾಕಾ?"

ಖಡಕಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಲೇಥಿನ ಮುಂದೆ ನಿಂತವನು ನಾನು.
ಕೂದಲೆಳೆಯ ಹತ್ತರಲ್ಲೊಂದು ಪಾಲು ತಪ್ಪಿದರೂ
ಮಾಲು ಗುಜರಿಗೆ.
ಹಾಗಾಗಿ ಎಣಿಸಲು ಹಚ್ಚಿದೆ:
ಆರು ಸಲ ಹಿಂದೆ ಮುಂದೆ,
ಮೇಲಿನ ಗಾಜು ಒಂದು ಚೂರು ಬಲಕ್ಕೆ,
ನೀನು ಒಂದು ಹೆಜ್ಜೆ ಎಡಕ್ಕೆ, ಪೀಪಾಯಿಯ ಸುತ್ತ,
ಮತ್ತೆ ಆರು.

ಅವಳು ನಾಲ್ಕಕ್ಕೇ ನಿಲ್ಲಿಸಿದಳು, ಒಂಬತ್ತಕ್ಕೆ ಎಚ್ಚೆತ್ತಳು.
ನಡುವೆ ಗಣಿತದ ಬಾಯಿ, ಓಡಿಹೋದ ಬೆಕ್ಕು,
ಅಪ್ಪನ ಟೆಂಪೋದ ಕಂತು.
ಬಾಯಿ ನಿಂತರೆ ಕೈಯೂ ನಿಲ್ಲುತ್ತಿತ್ತು.
ಬೈದೆ. ತಿಳಿಯಲಾರದೆಂದು
ಕನ್ನಡದಲ್ಲೇ ಬೈದೆ. ವಾರದೊಳಗೆ
ಆ ಮಾತೆಲ್ಲ ಅವಳ ಬಾಯಲ್ಲಿ,
ಉಚ್ಚಾರ ನನಗಿಂತ ಚೊಕ್ಕ.

ಪುಡಿ ಬದಲಿಸುವಾಗೊಮ್ಮೆ ಎಲ್ಲ ತೊಳೆಯಬೇಕು:
ಪೀಪಾಯಿ, ಬಕೆಟ್ಟು, ಉಗುರಿನ ಸಂದು, ಅಂಗಿಯ ತೋಳು.
ಒರಟು ಪುಡಿಯ ಒಂದೇ ಕಾಳು ಉಳಿದರೂ
ತಿಂಗಳ ಕೆಲಸಕ್ಕೆ ಗೀರು.
ಇದನ್ನು ಹೇಳಿಕೊಟ್ಟವನು ನಾನೇ.
ನನ್ನ ದನಿಯಲ್ಲೂ ಒಂದು ಕಾಳು ಉಳಿದಿದೆಯೆಂದು
ಅವಳು ಹೇಳಲಿಲ್ಲ. ಎರಡು ದಿನ ಬರಲಿಲ್ಲ, ಅಷ್ಟೇ.
ಮೂರನೇ ದಿನ, ಮೊಣಕಾಲು ಹಿಡಿದುಕೊಂಡು,
ರಾಸ್ತಾ ಪೇಠೆಗೆ ನಡೆದೆ. ಅವರ ಬಾಗಿಲಲ್ಲಿ
ಏನು ಹೇಳಬೇಕೋ ತೋಚದೆ
"ನೂರಿಪ್ಪತ್ತನೇ ನಂಬರಿನ ಪುಡಿ ಬಂದಿದೆ" ಅಂದೆ.
"ಚಪ್ಪಲಿ ಹಾಕಿಕೊಂಡು ಬರತೀನಿ" ಅಂದಳು.

ಮೇ ತಿಂಗಳು. ರಾಳ ಕಾಸಿ, ಹೊಳಪು ಕೊಟ್ಟು,
ಕತ್ತಲಕೋಣೆಯಲ್ಲಿ ಪರೀಕ್ಷೆ.
ಒಂದು ದೀಪ, ಒಂದು ಬ್ಲೇಡು, ಎರಡು ಕನ್ನಡಿ:
ಹಿಂದೊಮ್ಮೆ ನಾನೊಬ್ಬನೇ ಎಣಿಸಿ ಎಣಿಸಿ ತಿಕ್ಕಿ
ಟ್ರಂಕಿನಲ್ಲಿಟ್ಟದ್ದು, ಮತ್ತು ಅವಳದು.
ನನ್ನದರಲ್ಲಿ ಬಳೆಬಳೆಯಾಗಿ ದಿಣ್ಣೆ ತಗ್ಗು,
ಬಾವಿಗೆ ಕಲ್ಲು ಬಿದ್ದು ನೀರು ಹಾಗೇ ಹೆಪ್ಪುಗಟ್ಟಿದಂತೆ.
ಪ್ರತಿ ಸಲ ಅದೇ ಆರು, ಅದೇ ಜಾಗ, ಅದೇ ತಪ್ಪು.
ಅವಳದು ಅಂಚಿನಿಂದ ಅಂಚಿಗೆ ಒಂದೇ ಬೂದಿಬಣ್ಣ.
ಎಣಿಕೆ ತಪ್ಪಿದ್ದೆಲ್ಲ ಒಂದನ್ನೊಂದು ತಿಂದುಹಾಕಿತ್ತು.

ಲೇಥು ನನಗೆ ಇದನ್ನು ಹೇಳಿರಲಿಲ್ಲ.

ಹೆಬ್ಬೆರಳು ಒತ್ತು, ಅಂದೆ, ಮಾತು ಮರೆಸಲು.
ಮೂವತ್ತು ಎಣಿಸಿದಳು, ಮೊದಲ ಸಲ ತಪ್ಪದೆ.
ಬೆರಳಿನ ಕಾವಿಗೆ ಕನ್ನಡಿಯಲ್ಲೊಂದು ಗುಡ್ಡ ಎದ್ದು
ಮೆಲ್ಲಗೆ, ತೀರ ಮೆಲ್ಲಗೆ, ಇಳಿಯಿತು.
"ನೀವೂ ಒತ್ತಿ."
ನನ್ನದು ತಣ್ಣಗಿನ ಬೆರಳು. ಗುಡ್ಡ ಚಿಕ್ಕದು.
ಆದರೂ ಎದ್ದಿತು.

ಕನ್ನಡಿ ಅವಳ ಪಾಲಿಗೆ ಹೋಯಿತು. ಕೆಳಗಿನ ಬಿಲ್ಲೆ
ನನ್ನ ಪಿಂಚಣಿ ಕಾಗದ ಹಾರದಂತೆ ಕೂತಿದೆ.
ಮೊನ್ನೆ, ಹಳೇ ಚಾಳಿ, ಉಕ್ಕಿನ ಪಟ್ಟಿ ಇಟ್ಟು ನೋಡಿದೆ.
ಅಂಗಡಿಯಿಂದ ಬಂದಾಗ ಎರಡೂ ಸಪಾಟು.
ಈಗ ಪಟ್ಟಿ ತೊಟ್ಟಿಲಿನಂತೆ ತೂಗುತ್ತದೆ:
ಅಲ್ಲೆಷ್ಟು ತಗ್ಗೋ, ಇಲ್ಲಿ ಅಷ್ಟೇ ಉಬ್ಬು.

ದುರ್ಬೀನು ನಿಂತದ್ದು ಆಷಾಢದಲ್ಲಿ,
ಪಾಲಖಿ ಊರು ದಾಟಿದ ವಾರ. ಮೋಡವೋ ಮೋಡ.
ಶನಿಯಿಲ್ಲ, ಚಂದ್ರನಿಲ್ಲ. ಅವಳು ಬಿಡುವವಳಲ್ಲ,
ಕೊಳವೆ ಬಗ್ಗಿಸಿ ಹುಡುಕಿ ಹುಡುಕಿ
ಸಿಂಹಗಡದ ಗೋಪುರದ ಕೆಂಪು ದೀಪ ಹಿಡಿದಳು.
"ತಲೆಕೆಳಗಾಗಿದೆ, ಆದರೆ ಎಷ್ಟು ಚೊಕ್ಕ!
ಬನ್ನಿ, ಬನ್ನಿ."
ಒಂದೇ ಕಣ್ಣು ಮುಚ್ಚಲು ನನಗೆ ಬಾರದು.
ಸಾಣೆಪುಡಿಗೆ ಒರಟಾದ ಅಂಗೈ
ನನ್ನ ಎಡಗಣ್ಣಿನ ಮೇಲಿಟ್ಟು, ಕನ್ನಡದಲ್ಲಿ ಗದರಿದಳು:
"ಅಲ್ಲಾಡಬ್ಯಾಡ, ಖೋಡಿ!"
ಬೈಗುಳಕ್ಕೆ ಬಹುವಚನ
ನಾನು ಕಲಿಸಿರಲಿಲ್ಲ.