ಗವಿ ಕವಿಯಪ್ಪ ಅಡ್ಡರಸ್ತೆ

ಪಾಲಿಕೆಯ ಗುಮಾಸ್ತ ಕೇಳಿದ:
ಕವಿಗಳಿಗೆ ನೀವು ಏನಾಗಬೇಕು?
ವಂಶಾವಳಿಯ ಅರ್ಜಿ ಮುಂದೆ ಸರಿಸಿದ.
ಹೆಸರು, ಸಂಬಂಧ, ಕಸುಬು, ಇದ್ದಾರೆಯೇ, ಇಲ್ಲವೇ.
ಪದ್ಯಕ್ಕೆ ಕಲಂ ಇಲ್ಲ. ತುಂಬಿದೆ.

ಗವಿಯಪ್ಪ. ಮುತ್ತಾತ. ಕಬ್ಬನ್‌ಪೇಟೆಯ ನೇಕಾರ.
ಕುಣಿಮಗ್ಗದ ಕುಳಿಯಲ್ಲಿ ಸೊಂಟದವರೆಗೆ ಇಳಿದು
ಮೂವತ್ತೆಂಟು ವರ್ಷ ಕೂತವನು.
ಕಾಲು ತುಳಿದಂತೆ ಮಾತ್ರೆ, ಲಾಳಿ ಓಡಿದಂತೆ ಪ್ರಾಸ,
ಸಾವುಕಾರನ ರಸೀದಿಗಳ ಬೆನ್ನಿಗೆ ಪೆನ್ಸಿಲಿನ ಪದ.
ಸಂಜೆ ನಂಜಕ್ಕ ಕೇಳುವಳಂತೆ, ಎಷ್ಟು ಮೊಳ ಆಯಿತು?
ನಾಲ್ಕು ಸಾಲು, ಅನ್ನುವನಂತೆ.
ಉಪ್ಪಿಲ್ಲದ ಸಾರೇ ಅಂದಿನ ವಿಮರ್ಶೆ.

    ಹಾಸು ನಿನ್ನದು ತಂದೆ, ಹೊಕ್ಕು ನನ್ನದು;
    ನಡುವೆ ಹರಿದ ಎಳೆ ಯಾರದು ಹೇಳು.

ಪೂರ್ತಿ ಉಳಿದದ್ದು ಇದೊಂದೇ.
ಅಚ್ಚಾದ ಮುನ್ನೂರು ಪ್ರತಿಗಳಲ್ಲಿ ಇನ್ನೂರ ಎಪ್ಪತ್ತು
ಅಟ್ಟದ ಗೆದ್ದಲಿಗೆ ಕಂಠಪಾಠ.

ಮುನಿಶಾಮಪ್ಪ. ಅವನ ಮಗ, ನನ್ನ ತಾತ.
ಬಳೇಪೇಟೆಯ ಛಾಪಖಾನೆಯಲ್ಲಿ ಮೊಳೆ ಜೋಡಿಸುವವನು.
ಸೀಸದ ಅಕ್ಷರಗಳನ್ನು ತಿರುಗುಮುರುಗಾಗಿ ಓದಿ ಓದಿ
ಮನುಷ್ಯರ ಮಾತನ್ನೂ ಹಾಗೇ ಓದುತ್ತಿದ್ದ;
ಊಟಕ್ಕೆ ಬನ್ನಿ ಅಂದರೆ ಚಪ್ಪಲಿ ಹುಡುಕುತ್ತಿದ್ದ.
ತಾನಾಗಿ ಒಂದಕ್ಷರ ಬರೆದವನಲ್ಲ. ಆದರೆ ಒಮ್ಮೆ
ಯಾರದೋ ಪದ್ಯದ ಚಂದ್ರನಿಗೆ
ರಕಾರದ ಒತ್ತು ಮುಗಿದಿತ್ತೆಂದು
'ಕಂದೀಲು' ಜೋಡಿಸಿಬಿಟ್ಟ.
ಆ ಕಂದೀಲಿಗೇ ಆ ಕವಿಗೆ ಶಾಲು ಬಂತು.
ತಾತನಿಗೆ ಬೈಗುಳ ಬರಲಿಲ್ಲ. ಅಷ್ಟು ಲಾಭ.

ಪಿಳ್ಳಮ್ಮ, ಅವನ ತಂಗಿ.
ಗೃಹಿಣಿ ಅಂತ ಬರೆಯಬೇಕಂತೆ, ಬರೆದೆ.
ಗಂಡ ಸತ್ತ ಮೇಲೆ ಅವಳು ಪತ್ರಿಕೆಯ ಸಂಪಾದಕರಿಗೆ
ಬರೆದದ್ದು ನಲವತ್ತೊಂದು ಕಾಗದ:
ಬೀದಿ ದೀಪ, ಸೀಮೆಎಣ್ಣೆ,
ಧರ್ಮಾಂಬುಧಿ ಕೆರೆಯ ಮೇಲೆ ಬಸ್ಸು ನಿಲ್ಲಿಸಿದ್ದು.
'ಮಾನ್ಯರೇ, ನಲ್ಲಿ ತಿರುಗಿಸಿದರೆ ಗಾಳಿ ಬರುತ್ತದೆ,
ಗಾಳಿಯಲ್ಲಿ ಅಕ್ಕಿ ತೊಳೆಯುವುದು ಹೇಗೆ, ತಿಳಿಸಿ.'
ಕೆಳಗೆ, ನೊಂದ ನಾಗರಿಕಳು.
ಅಂಕಿತ ಅಂದರೆ ಇನ್ನೇನು?

ಅಪ್ಪ, ಸಂಜೀವಯ್ಯ. ಬೋರ್ಡು ಬರೆಯುವವನು.
ಫ್ಲೆಕ್ಸು ಬರುವವರೆಗೆ ಚಿಕ್ಕಪೇಟೆಯ ಅರ್ಧ ಅವನ ಕೈ.
ಒತ್ತಕ್ಷರವನ್ನು ತೊಟ್ಟಿಲ ಕೂಸಿನಂತೆ ಮಲಗಿಸುವನು.
'ಇಲ್ಲಿ ಮೂತ್ರ ಮಾಡಬಾರದು' ಬರೆಯಲು ಕರೆದ ಗೋಡೆಗೆ
ಕೆಳಗೊಂದು ಸಾಲು ಬಿಟ್ಟಿ:
'ಅಣ್ಣಾ, ಗೋಡೆಗೂ ಮುಖವುಂಟು, ತೊಳೆಯಲು ಕೈಯಿಲ್ಲ.'
ಆ ಸಂದಿ ಒಂದು ವರ್ಷ ಒಣಗಿತ್ತು.
ಯಾವ ಮಹಾಕಾವ್ಯ ಅಷ್ಟು ಮಾಡಿದೆ?

ಆಮೇಲೆ ನಾನು, ಭಾಗೀರಥಿ.
ಅವೆನ್ಯೂ ರಸ್ತೆಯ ಮಹಡಿಯ ಮೇಲೆ ಡಿಟಿಪಿ,
ಮದುವೆ ಕಾಗದ, ತಿಥಿ ಕಾಗದ.
ಸತ್ತವರ ಫೋಟೋ ಕೆಳಗೆ ಎರಡು ಸಾಲು ಹಾಕಮ್ಮ,
ನೀವು ಕವಿ ಮನೆಯವರಂತೆ, ಅನ್ನುತ್ತಾರೆ.
ಒಮ್ಮೊಮ್ಮೆ ಆ ಹರಿದ ಎಳೆಯನ್ನೇ ಹಾಕುತ್ತೇನೆ.
ಯಾರು ಬರೆದದ್ದೆಂದು ಯಾರೂ ಕೇಳಿಲ್ಲ.

ಮೊನ್ನೆ ಬೋರ್ಡು ಬಂತು. ನೀಲಿ ತಗಡು.
ಮಾಜಿ ಕಾರ್ಪೊರೇಟರ್ ಪರದೆ ಎಳೆದರು:
ಗವಿ ಕವಿಯಪ್ಪ ಅಡ್ಡರಸ್ತೆ.
ಚಪ್ಪಾಳೆ, ಬೂಂದಿ, ಒಂದು ಗ್ರೂಪ್ ಫೋಟೋ.
ತಪ್ಪು ತಿದ್ದಿಯೇ ಅನ್ನ ಉಂಡ ಮನೆತನ
ಬೂಂದಿ ತಿಂದು ಸುಮ್ಮನೆ ನಿಂತಿತ್ತು.

ರಾತ್ರಿ ಅಪ್ಪ ಡಬ್ಬಿ ಬಿಚ್ಚಿದ, ಬಿಳಿ ಬಣ್ಣ ಕೆನೆಗಟ್ಟಿತ್ತು.
ಎಪ್ಪತ್ತಾರಕ್ಕೆ ಕೈ ನಡುಗುತ್ತದೆ, ಏಣಿ ನಾನು ಹಿಡಿದೆ.
ಕ, ಗ. ಎರಡೇ ಅಕ್ಷರ, ಐದೇ ನಿಮಿಷ.
ಮೂರನೆಯ ಮೆಟ್ಟಿಲಲ್ಲಿ ಟಾರ್ಚು ಹಿಡಿದು
ಬಲದಿಂದ ಎಡಕ್ಕೆ ಓದಿದ, ತಾತನಂತೆ.
ಕುಣಿಯೂ ಒಂಥರಾ ಗವೀನೇ ಅಲ್ವೇನೇ, ಅಂದ.
ಒಂದು ಆಟೋ ಹೋಯಿತು.
ಕವಿಯಪ್ಪ. ಕವಿಗೆ ಅಪ್ಪ, ಅಂದ, ನನ್ನತ್ತ ಬಗ್ಗಿ ನೋಡಿ.
ನಾನು ಬಟ್ಟೆ ಅಂಗಡಿಯ ಶಟರು ನೋಡುತ್ತಿದ್ದೆ.

ಕುಂಚ ಅದ್ದಿದ. ಕ ಮುಟ್ಟಲಿಲ್ಲ, ಗ ಮುಟ್ಟಲಿಲ್ಲ.
'ಅಡ್ಡ'ದ ಒತ್ತು ಕೊಂಚ ವಾಲಿತ್ತು,
ಅದನ್ನಷ್ಟೆ ನೆಟ್ಟಗೆ ಮಲಗಿಸಿ
ಇಳಿದ.